ಭಾಗಾಕಾರದಲ್ಲಿ ಸೊನ್ನೆ ಬಿಡಬೇಡಿ



ಈ ಸಲ ನಾನು ಭಾಗಾಕಾರದ ಬಗ್ಗೆ ಬರೆದಿದ್ದೇನೆ. ಏಳನೇ ತರಗತಿಯವಳು ನಾಲ್ಕನೇ ತರಗತಿ ಪಾಠ ಬರೀತಾಳೆ ಅಂತ ನಗಬೇಡಿ. ನನಗೆ ಇದು ಸರಿಯಾಗಿ ತಿಳಿದದ್ದೇ ಹೋದ ತಿಂಗಳು.

ನಮ್ಮವ್ವ ಮತ್ತು ಇನ್ನೂ ಏಳು ಜನ ಹೆಂಗಸರು ಸೇರಿ ಒಂದು ರಾಗಿ ಹೊಲದ ಕಳೆ ಕೀಳಲು ಗುತ್ತಿಗೆ ಹಿಡಿದಿದ್ದರು. ಗುತ್ತಿಗೆಯ ದುಡ್ಡು 2400, ಟೀಗೆ ಅಂತ 40, ಒಟ್ಟು 2440 ರೂಪಾಯಿ ಬಂತು. "ಮಗಾ, ಎಂಟು ಪಾಲು ಮಾಡು" ಅಂದಳು ಅವ್ವ. ಎಲ್ಲರೂ ಜಗಲಿ ಮೇಲೆ ಕೂತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಮಾಡಿದೆ. 24ರಲ್ಲಿ 8 ಮೂರು ಸಲ. 4 ಇಳಿಸಿದೆ, ಹೋಗಲ್ಲ. 0 ಇಳಿಸಿದೆ, 40ರಲ್ಲಿ 8 ಐದು ಸಲ. ಶೇಷ 0. "ಒಬ್ಬೊಬ್ಬರಿಗೆ 35 ರೂಪಾಯಿ" ಅಂತ ಜೋರಾಗಿ ಹೇಳಿದೆ.

ಎಲ್ಲರೂ ನಕ್ಕರು. ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. "ಅಷ್ಟೇನಾ ಬಂದಿರೋದು?" ಅಂತ ಅವ್ವನ ಮುಖ ನೋಡಿದರು. ನನಗೆ ತಲೆ ಎತ್ತಲು ಆಗಲಿಲ್ಲ.

ಅವ್ವ ಓದಿರುವುದು ಮೂರನೇ ಕ್ಲಾಸು. ಪೆನ್ನು ಮುಟ್ಟಲೇ ಇಲ್ಲ. "ಮೊದಲು ಎಲ್ಲರಿಗೂ ನೂರು ನೂರು ಕೊಡೋಣ" ಅಂದಳು. 800 ಹೋಯಿತು, 1640 ಉಳಿಯಿತು. ಇನ್ನೊಂದು ಸುತ್ತು ನೂರು ನೂರು, 840 ಉಳಿಯಿತು. ಮೂರನೇ ಸುತ್ತಿಗೆ ಉಳಿದದ್ದು 40. "ಹತ್ತು ಹತ್ತು ಕೊಡೋಕೆ ಸಾಲಲ್ಲ, ಐದೈದು ಕೊಡು." ಒಬ್ಬೊಬ್ಬರಿಗೆ 305! ಅಜ್ಜಿ ಎಣಿಸಿ ಸೆರಗಿಗೆ ಕಟ್ಟಿಕೊಂಡರು.

ರಾತ್ರಿ ಯೋಚಿಸಿದೆ. ಪುಸ್ತಕದ ಭಾಗಾಕಾರವೂ ಇದೇನೇ. 24 ಅಂದರೆ ಬರೀ 24 ಅಲ್ಲ, 24 ನೂರುಗಳು. ಆಮೇಲೆ ಇಳಿಸಿದ 4 ಅಂದರೆ 4 ಹತ್ತುಗಳು, ಎಂಟು ಜನಕ್ಕೆ ಸಾಲಲ್ಲ. ಅವ್ವ ಬಾಯಲ್ಲಿ "ಸಾಲಲ್ಲ" ಅಂದಿದ್ದನ್ನೇ ನಾವು ಭಾಗಲಬ್ಧದ ಹತ್ತರ ಸ್ಥಾನದಲ್ಲಿ 0 ಅಂತ ಬರೆಯಬೇಕು. ನಾನು ಬಿಟ್ಟೆ, 3 ನೂರು ಹೋಗಿ 3 ಹತ್ತು ಆಯಿತು.

ಈಗ ನಾನು ಮೊದಲೇ ಅಂದಾಜು ಮಾಡುತ್ತೇನೆ. 8 × 100 = 800, 8 × 1000 = 8000. 2440 ಇವೆರಡರ ಮಧ್ಯೆ ಇದೆ, ಆದ್ದರಿಂದ ಉತ್ತರದಲ್ಲಿ ಮೂರು ಅಂಕಿ ಇರಲೇಬೇಕು. ಕೊನೆಗೆ ತಾಳೆ ನೋಡಬೇಕು: ಭಾಜಕ × ಭಾಗಲಬ್ಧ + ಶೇಷ = ಭಾಜ್ಯ. 8 × 35 ಮಾಡಿದ್ದರೆ 280 ಅಂತ ಅಲ್ಲೇ ಗೊತ್ತಾಗುತ್ತಿತ್ತು.

ನನ್ನ ತಮ್ಮನಿಗೆ 96 ÷ 4 ಬರುತ್ತಿರಲಿಲ್ಲ, ಅಳುತ್ತಿದ್ದ. ಅವನಿಗೆ 4ರ ಮಗ್ಗಿ ಹತ್ತರವರೆಗೆ ಮಾತ್ರ ಬರುತ್ತದೆ. ಅವ್ವನ ತರಹ ಹೇಳಿಕೊಟ್ಟೆ. ನಾಲ್ಕು ಹತ್ತಲ 40, ಇನ್ನೊಂದು 40, ಉಳಿದದ್ದು 16, ನಾಲ್ಕು ನಾಲ್ಕಲ 16. ಹತ್ತು, ಹತ್ತು, ನಾಲ್ಕು, ಒಟ್ಟು 24. ಅರ್ಧದ ಅರ್ಧ ಮಾಡಿದರೂ ಬರುತ್ತದೆ: 96, 48, 24. ಇದು ಅವನಿಗೆ ತುಂಬಾ ಇಷ್ಟವಾಯಿತು, ಈಗ 5ರಿಂದ ಭಾಗಿಸು ಅಂದರೂ ಅರ್ಧವೇ ಮಾಡ್ತಾನೆ!

ನಿಮಗೊಂದು ಲೆಕ್ಕ: 3618 ÷ 6. ಉತ್ತರ ಚೀಟಿಯಲ್ಲಿ ಬರೆದು ನನಗೆ ಕೊಡಿ. 63 ಅಂತ ಬಂದವರು ಚೀಟಿ ಹರಿದು ಇನ್ನೊಂದು ಸಲ ಮಾಡಿ.