ರಾಕ್ಷಸನ ಪ್ರಾಣ ಎಲ್ಲಿದೆ?

ಕಳೆದ ತಿಂಗಳು ಅಡಗೂಲಜ್ಜಿಯ ಕಥೆಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ರಾಕ್ಷಸ, ಬಲಿ, ಮಾಯೆ ತುಂಬಿದ ಕಥೆಗಳಲ್ಲಿ ರಾಜಕೀಯ ನಿಜವಾಗಿಯೂ ಇದೆಯೇ? ಐದು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಶರಣ್ರೀ ಸರ್. ನಾ ಗಾಂಧಿ ಗಂಜ್‌ನ್ಯಾಗ ಒಂದು ಅಡತಿ ಅಂಗಡ್ಯಾಗ ಲೆಕ್ಕ ಬರೀತೀನಿ. ನಮ್ಮ ಆಯಿ ಒಂದು ಕಥಿ ಹೇಳ್ತಿದ್ಳು. ಏಳು ಸಮುದ್ರದ ಆಚಿ ಒಂದು ಗಿಳಿ, ಆ ಗಿಳ್ಯಾಗ ರಾಕ್ಷಸನ ಜೀವ. ಗಿಳಿ ಕುತ್ತಿಗಿ ಮುರಿದ್ರ ರಾಕ್ಷಸ ಸಾಯ್ತಾನ. ಇಂಥ ಕಥಿಯೊಳಗ ರಾಜಕೀಯ ಅದ ಅಂತ ಬರ್ದೀರಿ. ಆಯಿಗಿ ರಾಜಕೀಯ ಎಲ್ಲಿ ಗೊತ್ತಿತ್ತು? ನಾವೇ ತುರುಕ್ಲತ್ತೀವೇನು?
— ಒಬ್ಬ ಗುಮಾಸ್ತರು, ಗಾಂಧಿ ಗಂಜ್, ಬೀದರ

ಉತ್ತರ: ನಿಮ್ಮ ಆಯಿಗೆ ಪಕ್ಷ, ಚುನಾವಣೆ ಗೊತ್ತಿರಲಿಕ್ಕಿಲ್ಲ. ಯಾರ ಮುಂದೆ ತಲೆ ಎತ್ತಬಾರದು, ಯಾರ ಹೊಲದಲ್ಲಿ ಬಿಟ್ಟಿ ದುಡಿಯಬೇಕು ಎಂಬುದು ಮಾತ್ರ ಆ ಕಾಲದ ಪ್ರತಿ ಹೆಣ್ಣಿಗೂ ಗೊತ್ತಿತ್ತು. 1948ರವರೆಗೆ ನಮ್ಮ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಜಾಗೀರುದಾರರ ಎದುರು ಬಾಯಿಬಿಟ್ಟು ಆಡಲಾಗದ ಮಾತನ್ನು ಒಲೆಯ ಮುಂದೆ ಮೊಮ್ಮಕ್ಕಳಿಗೆ ಹೇಳಬಹುದಿತ್ತು, ಅದೂ ರಾಕ್ಷಸನ ಹೆಸರಿನಲ್ಲಿ.

ಆ ಕಥೆ ಕಟ್ಟಿದವರ ಜಾಣತನ ನೋಡಿ. ರಾಕ್ಷಸನ ಮೈಯಲ್ಲಿ ಬಲವಿದೆ, ಪ್ರಾಣವಿಲ್ಲ. ಎಷ್ಟು ಕಡಿದರೂ ಅವನು ಸಾಯುವುದಿಲ್ಲ. ಪ್ರಾಣವನ್ನು ಎಲ್ಲೋ ದೂರದಲ್ಲಿ, ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಜೀವಿಯಲ್ಲಿ ಬಚ್ಚಿಟ್ಟಿದ್ದಾನೆ. ಊರ ದೊಡ್ಡವನ ಪ್ರಾಣವೂ ಅವನ ತೋಳಿನಲ್ಲಿರಲಿಲ್ಲ. ಓದು ಬಾರದವನ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದದಲ್ಲಿತ್ತು, ಬಡ್ಡಿಗೆ ಬಡ್ಡಿ ಬರೆದ ಖಾತೆ ಪುಸ್ತಕದಲ್ಲಿತ್ತು. ಲೆಕ್ಕ ಬರೆಯುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತು: ಆ ಗುಟ್ಟನ್ನು ಹೊರಗೆಳೆಯುವವಳು ರಾಕ್ಷಸನ ಮನೆಯಲ್ಲೇ ಸೆರೆಯಾಗಿರುವ ಹುಡುಗಿ. ಹೊರಗಿನ ರಾಜಕುಮಾರನಿಗೆ ಕತ್ತಿ ಇದೆ, ಗುಟ್ಟು ಗೊತ್ತಿಲ್ಲ.

ಹಾಗೆಂದು ‘ರಾಕ್ಷಸ ಎಂದರೆ ಸಾಹುಕಾರ’ ಎಂದು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಡಿ. ಒಗಟಿಗೆ ಒಂದೇ ಉತ್ತರ, ಕಥೆ ಹಾಗಲ್ಲ. ನಿಮ್ಮ ಆಯಿ ಹೇಳುವಾಗ ಆ ರಾಕ್ಷಸನಿಗೆ ಅವರ ಅತ್ತೆಯ ಮುಖವೂ ಇದ್ದಿರಬಹುದು.

ನಾವೇ ತುರುಕುತ್ತೇವೆಯೇ ಎಂದು ಕೇಳಿದಿರಿ. ಭಾದ್ರಪದದಲ್ಲಿ ನಮ್ಮ ಕಡೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಮನೆಮನೆಗೆ ಬರುವ ಜೋಕುಮಾರನನ್ನು ನೆನೆಯಿರಿ. ಏಳು ದಿನದ ಆಯುಷ್ಯ, ಆಮೇಲೆ ಕೊಲೆ. ಹೀಗೆ ಸತ್ತವನಿಂದ ಮಳೆ ಬರುತ್ತದೆ, ಬೆಳೆ ಬರುತ್ತದೆ ಎಂಬ ನಂಬಿಕೆ. ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಕಟ್ಟಿದಾಗ ಹೊರಗಿನಿಂದ ಏನನ್ನೂ ತರಲಿಲ್ಲ. ನಾಟಕದಲ್ಲಿ ಭೂಮಿ ಗೌಡನ ಹೆಸರಿನಲ್ಲಿದೆ, ಅವನು ಷಂಡ. ಉಳುವವನು ಬಸಣ್ಣ, ಫಲ ಅವನದು, ಸಾವೂ ಅವನದೇ. ಉಳುವವನೇ ಒಡೆಯ ಎಂಬ ಕಾನೂನಿನ ತಿದ್ದುಪಡಿ ಕರ್ನಾಟಕಕ್ಕೆ ಬಂದದ್ದು 1974ರಲ್ಲಿ. ಬುಟ್ಟಿಯಲ್ಲಿದ್ದ ದೇವರು ಎರಡು ವರ್ಷ ಮೊದಲೇ ರಂಗದ ಮೇಲೆ ಆ ಮಾತು ಆಡಿದ್ದ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ‘ಕೆರೆಗೆ ಹಾರ’ ಜನಪದ ಹಾಡು ಹೇಳಿಕೊಡುವಾಗ ಒಬ್ಬ ಹುಡುಗಿ ಎದ್ದು, ‘ಟೀಚರ್, ಕೆರಿ ಕಟ್ಟಿಸಿದವ್ರು ಗೌಡ್ರು, ಹಾರ ಆಗೋದು ಸೊಸಿ ಯಾಕ?’ ಎಂದಳು. ತ್ಯಾಗ, ಲೋಕಹಿತ ಎಂದು ಏನೋ ಹೇಳಿ ಕೂರಿಸಿದೆ. ಮನೆಗೆ ಬಂದ ಮೇಲೆ ನನಗೇ ಸಮಾಧಾನವಾಗಲಿಲ್ಲ.
— ಒಬ್ಬ ಶಿಕ್ಷಕಿ, ಭಾಲ್ಕಿ

ಉತ್ತರ: ನಾಳೆ ತರಗತಿಗೆ ಹೋದ ಕೂಡಲೇ ಆ ಹುಡುಗಿಗೆ ಶಹಬ್ಬಾಸ್ ಹೇಳಿ, ತಾಯಿ. ಹಾಡು ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ಅವಳು ಕೇಳಿದ್ದಾಳೆ.

ಹಾಡಿನ ನಡೆಯನ್ನು ಸಾವಕಾಶವಾಗಿ ನೋಡೋಣ. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸುತ್ತಾನೆ, ಹನಿ ನೀರು ಬರುವುದಿಲ್ಲ. ಶಾಸ್ತ್ರ ಕೇಳುತ್ತಾರೆ, ಬಲಿ ಬೇಕೆಂದು ಗೊತ್ತಾಗುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರಿಲ್ಲ ಎಂಬ ಲೆಕ್ಕ ಮನೆಯೊಳಗೇ ನಡೆಯುತ್ತದೆ. ಕೊನೆಗೆ ಕಿರಿಸೊಸೆ ಭಾಗೀರಥಿಯ ಪಾಳಿ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಅವನನ್ನು ಕೇಳಿದವರಿಲ್ಲ. ತವರಿಗೆ ಹೋಗಿ ಬರುತ್ತಾಳೆ, ತವರೂ ಅವಳನ್ನು ಉಳಿಸುವುದಿಲ್ಲ. ದೇವರು ಇವಳೇ ಬೇಕೆಂದು ಹೆಸರು ಹಿಡಿದು ಕೇಳಿದ್ದಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಿ. ಆರಿಸಿದವರು ಮನುಷ್ಯರು. ಯಾರ ಪರವಾಗಿ ಬಾಯಿ ತೆರೆಯುವವರು ಊರಲ್ಲಿಲ್ಲವೋ ಅವರನ್ನು ಹುಡುಕಿ ಆರಿಸಿದರು. ಇದಕ್ಕಿಂತ ಸ್ಪಷ್ಟವಾದ ರಾಜಕೀಯ ಚಿತ್ರ ನಮ್ಮ ಭಾಷೆಯಲ್ಲಿ ಬೇರೆ ಯಾವುದಿದೆ?

ಇನ್ನು ಮುಕ್ತಾಯ. ಇದು ಲೋಕಹಿತವನ್ನು ಹೊಗಳುವ ಹಾಡಾಗಿದ್ದರೆ ಕೆರೆ ತುಂಬಿದಲ್ಲಿಗೆ ನಿಲ್ಲಬೇಕಿತ್ತು, ಊರು ನಲಿಯಬೇಕಿತ್ತು. ಹಾಡು ಅಲ್ಲಿ ನಿಲ್ಲುವುದಿಲ್ಲ. ದಂಡಿನಿಂದ ಬಂದ ಮಾದೇವರಾಯ ಹೆಂಡತಿಯನ್ನು ಹುಡುಕಿಕೊಂಡು ಹೋಗಿ ಅದೇ ಕೆರೆಗೆ ಹಾರುತ್ತಾನೆ. ಗೌಡನಿಗೆ ನೀರು ಸಿಕ್ಕಿತು, ಮಗ ಹೋದ. ಹಾಡಿದ ಹೆಂಗಸರು ತಮ್ಮ ತೀರ್ಪನ್ನು ಕೊನೆಯ ಸಾಲುಗಳಲ್ಲಿ ಇಟ್ಟಿದ್ದಾರೆ. ತ್ಯಾಗ ಎಂದು ಬರೆದ ನಾವು ಅದನ್ನು ಓದದೆ ಬಿಟ್ಟಿದ್ದೇವೆ.

ನಿಮ್ಮ ತಾಲ್ಲೂಕಿನಲ್ಲೇ ಕಾರಂಜಾ ಜಲಾಶಯವಿದೆ. ಆ ನೀರು ಜಿಲ್ಲೆಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ನೀರಿನ ಅಡಿಗೆ ಹೊಲ ಬಿಟ್ಟುಕೊಟ್ಟವರು ನ್ಯಾಯವಾದ ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತದ್ದೂ ಊರಿಗೆಲ್ಲ ಗೊತ್ತಿರುವ ಸಂಗತಿ. ನಿಮ್ಮ ತರಗತಿಯ ಕೆಲವು ಮಕ್ಕಳ ಮನೆಯಲ್ಲಿ ಆ ಮಾತು ದಿನವೂ ಬರುತ್ತಿರಬಹುದು. ಹಾಡು ಅವರಿಗೆ ನಿಮಗಿಂತ, ನನಗಿಂತ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ‘ಪ್ಯಾನ್ಸ್ ಲ್ಯಾಬಿರಿಂತ್’ ಎಂಬ ಸ್ಪ್ಯಾನಿಷ್ ಸಿನಿಮಾ ಮೊಬೈಲಿನಲ್ಲಿ ನೋಡಿದೆ. ಅಂಗೈಯಲ್ಲಿ ಕಣ್ಣಿರುವ ಆ ಬಿಳಿ ಭೂತ ಯಾರು? ಹುಡುಗಿ ಕಂಡದ್ದೆಲ್ಲ ನಿಜವೋ, ಕಲ್ಪನೆಯೋ?
— ಪದವಿ ವಿದ್ಯಾರ್ಥಿ, ಬೀದರ

ಉತ್ತರ: ಗಿಯೆರ್ಮೊ ಡೆಲ್ ಟೊರೊ ನಿರ್ದೇಶಿಸಿದ ಈ ಚಿತ್ರ ಬಂದದ್ದು 2006ರಲ್ಲಿ, ಕಥೆ ನಡೆಯುವುದು 1944ರಲ್ಲಿ. ಸ್ಪೇನಿನ ಅಂತರ್ಯುದ್ಧ ಮುಗಿದು ಐದು ವರ್ಷ, ಫ್ರಾಂಕೊನ ಸರ್ವಾಧಿಕಾರ. ಅವನು ಸತ್ತದ್ದು 1975ರಲ್ಲಿ. ಮೂವತ್ತಾರು ವರ್ಷ ಆ ದೇಶ ಬಾಯಿ ಮುಚ್ಚಿಕೊಂಡಿತ್ತು.

ಆ ಭೂತದ ಮುಂದೆ ಮೇಜಿನ ತುಂಬ ಊಟವಿದೆ, ಅವನು ತಿನ್ನುವುದು ಮಕ್ಕಳನ್ನು. ಈಗ ಹುಡುಗಿಯ ಮಲತಂದೆ, ಫ್ರಾಂಕೊ ಸೈನ್ಯದ ಕ್ಯಾಪ್ಟನ್ ವಿದಾಲ್ ಮನೆಯ ಔತಣದ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅವನೂ ಉದ್ದ ಮೇಜಿನ ತುದಿಯಲ್ಲಿ ಕೂತಿದ್ದಾನೆ, ಹೊರಗೆ ಊರಿನವರಿಗೆ ರೇಷನ್ ಕಾರ್ಡಿನ ಮೇಲೆ ಅಳೆದು ಕೊಟ್ಟ ಬ್ರೆಡ್ಡು. ಎರಡೂ ಮೇಜನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಎರಡನೆಯ ಪ್ರಶ್ನೆ ನನಗೆ ಅಷ್ಟು ಮುಖ್ಯವಲ್ಲ. ಒಫೀಲಿಯಾ ಕಂಡದ್ದು ನಿಜವೋ ಕನಸೋ, ಅವಳು ಮಾಡಿದ ಕೆಲಸ ನಿಜ. ಹಸುಗೂಸು ತಮ್ಮನ ಒಂದೆರಡು ಹನಿ ರಕ್ತ ಕೊಡು, ಬಾಗಿಲು ತೆರೆಯುತ್ತದೆ ಎಂದಾಗ ಅವಳು ಒಲ್ಲೆ ಎಂದಳು. ಭಾಲ್ಕಿಯ ಪತ್ರವನ್ನು ಇದರ ಜೊತೆಗೆ ಓದಿಕೊಳ್ಳಿ. ಭಾಗೀರಥಿ ಆಡಲಾಗದ ಆ ಒಂದು ಮಾತನ್ನು ಸ್ಪೇನಿನ ಹುಡುಗಿ ಆಡಿದಳು. ನಮ್ಮ ಭಾಲ್ಕಿಯ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಆಡಿದ್ದೂ ಅದನ್ನೇ.

ಪ್ರಶ್ನೆ: ಮಗನಿಗೆ ಆರು ವರ್ಷ. ಬಲಿ, ರಾಕ್ಷಸ ಇರುವ ಕಥೆ ಹೇಳಬಹುದೇ? ಹೆದರುತ್ತಾನೆ.
— ಒಬ್ಬ ತಾಯಿ, ಔರಾದ್

ಉತ್ತರ: ಹೇಳಿ. ಮಗ್ಗುಲಲ್ಲಿ ಮಲಗಿಸಿಕೊಂಡು, ನಿಮ್ಮ ದನಿಯಲ್ಲಿ ಹೇಳಿ, ಮೊಬೈಲಿನಲ್ಲಿ ತೋರಿಸಬೇಡಿ. ಮೇಲೆ ಹೇಳಿದ ಸಿನಿಮಾ ದೊಡ್ಡವರದು, ಅದರ ಹತ್ತಿರ ಅವನನ್ನು ಬಿಡಬೇಡಿ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಒಂದು ಕಥೆಯಲ್ಲಿ ಮಕ್ಕಳನ್ನು ಕಾಡಿಗೆ ಬಿಟ್ಟುಬರುವವಳು ಹೆತ್ತ ತಾಯಿಯೇ ಆಗಿದ್ದಳು. ಮುಂದಿನ ಮುದ್ರಣಗಳಲ್ಲಿ ಅವಳನ್ನು ಮಲತಾಯಿ ಮಾಡಿದರು. ಹೀಗೆ ತಿದ್ದಿದ್ದರಿಂದ ಹಸಿವು ಏನು ಮಾಡಿಸುತ್ತದೆ ಎಂಬ ಸತ್ಯ ಮರೆಯಾಗಿ, ಮಲತಾಯಂದಿರಿಗೆಲ್ಲ ಕೆಟ್ಟ ಹೆಸರು ಉಳಿಯಿತು. ಕಥೆ ತಿದ್ದಬೇಡಿ. ಮಗ ‘ಯಾಕ?’ ಎಂದು ಕೇಳಿದಾಗ ನಿಲ್ಲಿಸಿ, ಅವನ ಜೊತೆ ಮಾತಾಡಿ.

ಪ್ರಶ್ನೆ: ನಲವತ್ತು ವರ್ಷ ಗಂಜ್‌ನಲ್ಲಿ ತೊಗರಿ, ಉದ್ದಿನ ವ್ಯಾಪಾರ ಮಾಡಿದವನು. ಈಗ ಪುಸ್ತಕ ಓದುತ್ತೇನೆ. ಮಾಂತ್ರಿಕ ವಾಸ್ತವ ಎಂದು ನೀವೆಲ್ಲ ಹೊಗಳುತ್ತೀರಿ. ಸತ್ಯ ಹೇಳುವವನಿಗೆ ಮಾಯೆ ಯಾಕೆ ಬೇಕು? ನಡೆದದ್ದನ್ನು ನಡೆದ ಹಾಗೆ ಬರೆದರೆ ಸಾಲದೇ?
— ಒಬ್ಬ ಹಿರಿಯರು, ಗಾಂಧಿ ಗಂಜ್, ಬೀದರ

ಉತ್ತರ: ಬರೆಯಲು ಬಿಟ್ಟರೆ ಸಾಕು, ಹಿರಿಯರೇ. ಬಿಡದಿದ್ದಾಗಿನ ಮಾತು ಇದು.

ನಮ್ಮ ಊರಿನಿಂದಲೇ ಹೊರಡೋಣ. ಹಳೆ ಬೀದರಿನಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗಾವಾನನನ್ನು 1481ರಲ್ಲಿ ಕೊಲ್ಲಿಸಿದರು. ಅವನ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ವಿರೋಧಿಗಳು ದ್ರೋಹದ ಪತ್ರ ಬರೆದರು, ಸುಲ್ತಾನ ಮೂರನೆಯ ಮುಹಮ್ಮದ್ ವಿಚಾರಣೆಯಿಲ್ಲದೆ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಸತ್ತ. ಗಾವಾನ ತನ್ನನ್ನು ಕೊಲ್ಲುತ್ತಿದ್ದಾನೆ ಎಂದು ಕೂಗುತ್ತ ಸತ್ತ ಎಂದು ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಅರಸನಿಗೆ ಶಿಕ್ಷೆ ಕೊಡುವ ನ್ಯಾಯಾಲಯ ಆಗ ಇರಲಿಲ್ಲ. ಆ ಕೆಲಸವನ್ನು ಸತ್ತವನೇ ಬಂದು ಮಾಡಬೇಕಾಯಿತು.

ಈಗ ಕೊಲಂಬಿಯಾಕ್ಕೆ ಬನ್ನಿ. 1928ರ ಡಿಸೆಂಬರಿನಲ್ಲಿ ಸಿಯೆನಾಗ ಎಂಬ ಊರಿನಲ್ಲಿ ಬಾಳೆತೋಟದ ಕಂಪನಿಯ ವಿರುದ್ಧ ಮುಷ್ಕರ ಹೂಡಿದ್ದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿತು. ಎಷ್ಟು ಜನ ಸತ್ತರೆಂಬ ಲೆಕ್ಕ ಇಂದಿಗೂ ತೀರ್ಮಾನವಾಗಿಲ್ಲ. ಆ ದೇಶದ ಲೇಖಕ ಗಾರ್ಸಿಯಾ ಮಾರ್ಕ್ವೆಜ್ ತನ್ನ 1967ರ ಕಾದಂಬರಿಯಲ್ಲಿ ಮೂರು ಸಾವಿರ ಹೆಣಗಳನ್ನು ರೈಲಿಗೆ ತುಂಬಿ ಸಮುದ್ರಕ್ಕೆ ಸಾಗಿಸಿದ. ಬದುಕಿ ಬಂದವನೊಬ್ಬ ಹೇಳಿದರೆ ಊರಿನಲ್ಲಿ ಯಾರೂ ನಂಬುವುದಿಲ್ಲ, ಅಂಥದ್ದೇನೂ ನಡೆದೇ ಇಲ್ಲ ಎನ್ನುತ್ತಾರೆ. ಆಮೇಲೆ ನಾಲ್ಕು ವರ್ಷ ಹನ್ನೊಂದು ತಿಂಗಳು ಎರಡು ದಿನ ಬಿಡದೆ ಮಳೆ. ಆ ಮಳೆಯನ್ನು ಜನ ಮಾಯೆ ಎನ್ನುತ್ತಾರೆ. ನನ್ನನ್ನು ಕೇಳಿದರೆ ನಂಬಲಾಗದ್ದು ಮಳೆಯಲ್ಲ, ಊರಿಗೆ ಊರೇ ಮರೆತದ್ದು. ಅದೇ ಆ ಪುಸ್ತಕದ ಅತ್ಯಂತ ನಿಜವಾದ ಭಾಗ.

ನಮ್ಮಲ್ಲಿ ಹಾಗೆ ಆಗಿಲ್ಲವೇ? 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಿಜಾಮರ ಪರವಾದ ಸಶಸ್ತ್ರ ಪಡೆಯಾಗಿದ್ದ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ಸಂಸ್ಥಾನ ಭಾರತಕ್ಕೆ ಸೇರಿತು. ಅದರ ಬೆನ್ನಿಗೆ ಊರೂರಲ್ಲಿ ಮುಸ್ಲಿಮರ ಕೊಲೆಗಳಾದವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸಂಸ್ಥಾನದ ಹಲವು ಜಿಲ್ಲೆಗಳನ್ನು ತಿರುಗಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬೀದರವೂ ಒಂದು. ಆ ವರದಿ ಹಲವು ದಶಕ ಹೊರಗೆ ಬರಲಿಲ್ಲ. ಓದುಗರ ಕೈಗೆ ಸಿಕ್ಕಿದ್ದು 2013ರ ಹೊತ್ತಿಗೆ. ಅಷ್ಟು ವರ್ಷ ಈ ಕೊಲೆಗಳ ನೆನಪು ಎಲ್ಲಿತ್ತು? ಈ ಬಾವಿಯ ನೀರು ಕುಡಿಯಬೇಡ, ಆ ಹುಣಸೆ ಮರದ ಕೆಳಗೆ ಸಂಜೆ ಹೋಗಬೇಡ ಎನ್ನುವ ಅಜ್ಜಿಯರ ಮಾತಿನಲ್ಲಿತ್ತು. ದೆವ್ವ ಎಂದು ನಾವು ನಕ್ಕುಬಿಟ್ಟೆವು.

ಹೇಳದೆ ಉಳಿದ ಮಾತು ಏನಾಗುತ್ತದೆ ಎಂಬುದಕ್ಕೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಕಥೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಉಸಿರುಕಟ್ಟಿದ ಕಥೆ ಅವಳು ಮಲಗಿದ್ದಾಗ ಹೊರಬಿದ್ದು ಜೋಡಾಯಿತು, ಹಾಡು ಗಂಡಸಿನ ಕೋಟಾಯಿತು. ಬಾಗಿಲಲ್ಲಿ ಅವನ್ನು ಕಂಡ ಗಂಡ ಅವಳ ಮೇಲೆ ಅನುಮಾನಪಟ್ಟ. ರಾತ್ರಿ ಊರಿನ ದೀಪಗಳೆಲ್ಲ ಹನುಮಂತನ ಗುಡಿಯಲ್ಲಿ ಸೇರಿ ಮಾತಾಡಿಕೊಂಡಾಗಲೇ ನಿಜ ಹೊರಬಂದದ್ದು. ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ಕ್ಕೆ ಈ ದೀಪಗಳನ್ನು ತಂದುಕೊಂಡರು. ದೇವನೂರ ಮಹಾದೇವರು ಅದಕ್ಕೂ ಮೊದಲೇ, 1984ರ ‘ಕುಸುಮಬಾಲೆ’ ಕಾದಂಬರಿಯಲ್ಲಿ ಜೋತಮ್ಮಗಳನ್ನು, ಅಂದರೆ ದೀಪಗಳನ್ನು, ಮಾತಾಡಿಸಿದ್ದರು. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿ ಕೊಲೆಯಾದ ದಲಿತ ಯುವಕ ಚನ್ನನ ವಿಷಯದಲ್ಲಿ ಸಾಕ್ಷಿ ಹೇಳುವ ಮನುಷ್ಯರು ಆ ಊರಿನಲ್ಲಿ ಎಲ್ಲಿದ್ದರು? ದೀಪ ಮಾತಾಡಬೇಕಾಯಿತು. ಮಾಯೆ ಯಾಕೆ ಬೇಕು ಎಂಬ ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ.

ನಿಮ್ಮನ್ನೂ, ಈ ಪುಟ ಓದುವ ಎಲ್ಲರನ್ನೂ ಒಂದು ಬೇಡಿಕೊಳ್ಳುತ್ತೇನೆ. 1948ರಲ್ಲಿ ಐದಾರು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅಂಥವರು ನಿಮ್ಮ ಮನೆಯಲ್ಲಿ, ನೆರೆಯ ಹಿಂದೂ ಮನೆಯಲ್ಲಿ, ಮುಸ್ಲಿಮ್ ಮನೆಯಲ್ಲಿ ಇದ್ದರೆ ಹತ್ತಿರ ಕೂತು ಕೇಳಿ. ಬಾವಿಯ ಕಥೆ, ಮರದ ಕಥೆ, ದೆವ್ವದ ಕಥೆ, ಅವರು ಹೇಳಿದ್ದನ್ನು ಹೇಳಿದ ಹಾಗೆ, ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಮರಾಠಿಯಲ್ಲಾಗಲಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಈ ವರ್ಷವೇ ಬರೆಯಿರಿ.