ಸಂಘದ ಕಂಪ್ಯೂಟರ್ ಪರದೆ ಕಪ್ಪಾದಾಗ



ಬೆಳಿಗ್ಗೆ ಆರು ಗಂಟೆ. ಕ್ಯಾನು ಹಿಡಿದು ಸದಸ್ಯೆಯರು ಸಾಲಾಗಿ ನಿಂತಿದ್ದೀರಿ. ಕಾರ್ಯದರ್ಶಿ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಒಳಗೆ ಫ್ಯಾನು ತಿರುಗುವ ಸದ್ದು ಬರುತ್ತದೆ, ಪರದೆ ಮಾತ್ರ ಕಪ್ಪು. "ಹೋಯ್ತು, ಈ ಬಟವಾಡೆಯ ಲೆಕ್ಕವೆಲ್ಲಾ ಹೋಯ್ತು" ಎಂದು ಯಾರೋ ಅನ್ನುತ್ತಾರೆ. ಎಂಟು ಹತ್ತು ವರ್ಷದ ಹಳೆಯ ಕಂಪ್ಯೂಟರ್ ಇರುವ ಸಂಘಗಳಿಗೆ ಇದು ಹೊಸದಲ್ಲ.

ಮೊದಲು ಲೆಕ್ಕದ ಭಯ ಬಿಡಿ. ನೀವು ಹಾಕಿದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಎಲ್ಲವೂ ಇರುವುದು ಸಿಪಿಯು ಡಬ್ಬದೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಪರದೆ ಅದನ್ನು ತೋರಿಸುತ್ತದೆ ಅಷ್ಟೇ, ಇಟ್ಟುಕೊಳ್ಳುವುದಿಲ್ಲ.

ಆದರೆ ಹಾಲು ಕಾಯುವುದಿಲ್ಲ. ತೂಕದ ಯಂತ್ರ, ಹಾಲು ಪರೀಕ್ಷೆಯ ಯಂತ್ರ ಎರಡೂ ಸಾಮಾನ್ಯವಾಗಿ ತಮ್ಮ ಮುಖದ ಮೇಲೆಯೇ ಅಂಕಿ ತೋರಿಸುತ್ತವೆ. ಅದನ್ನು ಓದಿ ರಿಜಿಸ್ಟರಿನಲ್ಲಿ ಬರೆದು, ಹಾಲು ಹಾಕಿದವರ ಸಹಿ ಪಡೆಯಬೇಕು. ಸಾಲಿನಲ್ಲಿ ನಿಂತವರು ನಿಮ್ಮ ಪುಸ್ತಕದಲ್ಲೂ ಬರೆಸಿಕೊಳ್ಳಿ. "ನೆನಪಿಟ್ಟುಕೊಂಡು ಆಮೇಲೆ ಹಾಕ್ತೀವಿ" ಎಂದರೆ ಒಪ್ಪಬೇಡಿ. ಹಾಲಿನ ದರವಷ್ಟೇ ಅಲ್ಲ, ಸರ್ಕಾರದ ಪ್ರೋತ್ಸಾಹಧನವೂ ಇದೇ ಲೆಕ್ಕದ ಮೇಲೆ ನಿಂತಿದೆ.

ಹಾಲು ತೆಗೆದುಕೊಂಡು ಮುಗಿದ ಮೇಲೆ ಯಂತ್ರದ ಕಡೆ ಬನ್ನಿ. ಮಾನಿಟರಿನ ಅಂಚಿನಲ್ಲಿರುವ ಪುಟ್ಟ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಅದಕ್ಕೆ ಕರೆಂಟ್ ಬಂದಿಲ್ಲ. ಪ್ಲಗ್, ಯುಪಿಎಸ್ ನೋಡಿ. ದೀಪ ಇದ್ದರೆ, ಮಾನಿಟರಿಗೂ ಸಿಪಿಯುಗೂ ನಡುವೆ ಇರುವ, ಸಾಮಾನ್ಯವಾಗಿ ನೀಲಿ ತಲೆಯ ಕೇಬಲ್ಲನ್ನು ಬಿಚ್ಚಿ. ಪರದೆಯ ಮೇಲೆ "ನೋ ಸಿಗ್ನಲ್" ಎಂದೋ, ಕೇಬಲ್ ನೋಡಿ ಎಂದೋ ಇಂಗ್ಲಿಷಿನಲ್ಲಿ ಬಂದರೆ ಮಾನಿಟರ್ ಚೆನ್ನಾಗಿಯೇ ಇದೆ. ಹೊಸ ಮಾನಿಟರಿಗೆ ಹಣ ಹಾಕಬೇಡಿ.

ಕೇಬಲ್ಲಿನ ತುದಿಯ ಸೂಜಿಗಳು ಬಾಗಿಲ್ಲವೆಂದು ನೋಡಿ ಮತ್ತೆ ಸಿಕ್ಕಿಸಿ, ಎರಡೂ ಕಡೆಯ ಸ್ಕ್ರೂ ಬಿಗಿ ಮಾಡಿ. ಮೇಜು ಒರೆಸುವಾಗ ಇದು ಸಡಿಲವಾಗುವುದೇ ಹೆಚ್ಚು. ಸಿಪಿಯು ಹಿಂದೆ ಇಂಥ ಕಿಂಡಿ ಎರಡಿದ್ದರೆ ಪ್ರತ್ಯೇಕ ಕಾರ್ಡಿನ ಕಿಂಡಿಗೇ ಹಾಕಬೇಕು. ನಾನೇ ಒಮ್ಮೆ ತಪ್ಪು ಕಿಂಡಿಗೆ ಸಿಕ್ಕಿಸಿ ಅರ್ಧ ದಿನ ಬೆವರು ಹರಿಸಿದ್ದೇನೆ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಕೀಬೋರ್ಡಿನ ನಮ್ ಲಾಕ್ ಕೀಲಿ ಒತ್ತಿ. ಒತ್ತಿದಾಗಲೆಲ್ಲ ಅದರ ದೀಪ ಹತ್ತಿ ಆರಿದರೆ ಸಿಪಿಯು ಒಳಗೆ ಕೆಲಸ ನಡೆಯುತ್ತಿದೆ. ತೊಂದರೆ ಕೇಬಲ್, ಮಾನಿಟರ್ ಅಥವಾ ಆ ಕಾರ್ಡಿನ ಕಡೆ ಇರಬಹುದು. ದೀಪ ಅಲುಗಾಡದಿದ್ದರೆ, ಅಥವಾ ಸಿಪಿಯು ಬೀಪ್ ಬೀಪ್ ಎಂದು ಬಿಡದೆ ಕೂಗಿದರೆ, ತೊಂದರೆ ಡಬ್ಬದೊಳಗೆ. ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಸಿಗುವ ಕಳ್ಳ ರ‍್ಯಾಮ್. ಡೇರಿ ಕೋಣೆಯಲ್ಲಿ ಕ್ಯಾನ್ ತೊಳೆದ ತೇವ, ಪಶು ಆಹಾರದ ಧೂಳು ಎರಡೂ ಇರುತ್ತವೆ. ಅವು ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕೂರುತ್ತವೆ.

ರ‍್ಯಾಮ್ ಒರೆಸಲು ಹೆದರಬೇಕಿಲ್ಲ. ಗೋಡೆಯ ಪ್ಲಗ್ ಕಿತ್ತು, ಸಿಪಿಯು ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಇಳಿಯುತ್ತದೆ. ಒದ್ದೆ ಕೈ ಒರೆಸಿಕೊಳ್ಳಿ. ಪಕ್ಕದ ತಗಡು ತೆಗೆದು, ಡಬ್ಬದ ಕಬ್ಬಿಣವನ್ನು ಒಮ್ಮೆ ಮುಟ್ಟಿ. ಗೇಣುದ್ದಕ್ಕಿಂತ ಚಿಕ್ಕದಾದ ಹಸಿರು ಪಟ್ಟಿಯೇ ರ‍್ಯಾಮ್. ಅದರ ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ಅದು ಮೇಲೇಳುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ರಬ್ಬರಿನ ಪುಡಿಯನ್ನು ಒಣ ಬಟ್ಟೆಯಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಬೀಳುತ್ತದೆ. ಪಟ್ಟಿಯ ನಡುವಿನ ಕಚ್ಚು ಕೆಳಗಿನ ಉಬ್ಬಿಗೆ ಕೂಡುವಂತಿಟ್ಟು, ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಗೊತ್ತಾಗುತ್ತದೆ. ಕರೆಂಟ್ ತಂತಿ ಬಂದು ಸೇರುವ ತಗಡಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಪರದೆ ಬಂದೊಡನೆ ದಿನಾಂಕ ನೋಡಿ. ಒಳಗೆ ಗಡಿಯಾರಕ್ಕೆಂದು ನಾಣ್ಯದಂಥ ಒಂದು ಬ್ಯಾಟರಿ ಇದೆ, ಹೆಚ್ಚಿನವಕ್ಕೆ ಸಿಆರ್ 2032. ಅದು ಮುಗಿದಿದ್ದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಗಮನಿಸದೆ ಹಾಲು ತೆಗೆದುಕೊಂಡರೆ ಆ ಹೊತ್ತಿನ ಚೀಟಿಗಳು ಯಾವುದೋ ಹಳೆಯ ವರ್ಷದಲ್ಲಿ ಕೂತು, ಬಟವಾಡೆಯಲ್ಲಿ ನಿಮ್ಮ ಹಾಲೇ ಕಾಣುವುದಿಲ್ಲ. ದಿನಾಂಕ ಸರಿಪಡಿಸಿ, ಬೆಳಗಿನ ರಿಜಿಸ್ಟರಿನ ಅಂಕಿಗಳನ್ನು ಇಬ್ಬರು ಕೂತು ಏರಿಸಿ: ಒಬ್ಬರು ಓದಲಿ, ಒಬ್ಬರು ಒತ್ತಲಿ.

ಇಷ್ಟಕ್ಕೂ ಪರದೆ ಬಾರದಿದ್ದರೆ ರಿಪೇರಿಯವರನ್ನು ಕರೆಯಿರಿ. ಸಿಪಿಯು ಪಟ್ಟಣದ ಅಂಗಡಿಗೆ ಹೋಗುವುದಾದರೆ ಕಾರ್ಯದರ್ಶಿ ಒಂದು ಚೀಟಿ ಬರೆದು ಅದರ ಮೇಲೆ ಅಂಟಿಸಲಿ: "ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ, ಒಳಗೆ ಹಾಲಿನ ಲೆಕ್ಕ ಇದೆ." ಮುಂದಿನ ಸಭೆಯಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ಪ್ರತಿ ಬಟವಾಡೆಯ ದಿನ ಲೆಕ್ಕವನ್ನು ಪೆನ್‌ಡ್ರೈವಿಗೆ ತೆಗೆದಿಡುತ್ತಿದ್ದಾರೆಯೇ, ಆ ಪೆನ್‌ಡ್ರೈವ್ ಯಾರ ಕೈಯಲ್ಲಿದೆ?