ಮಲೆನಾಡಿನ ಚಳಿಯೂ ಡೀಸೆಲ್ ವಾಹನದ ಎಣ್ಣೆಯೂ

ಎಳ್ಳಿನ ನೆಯ್ಯೇ ಎಣ್ಣೆ. ‘ಎಳ್’ ಎಂಬುದಕ್ಕೆ ‘ನೆಯ್’ ಸೇರಿ ಹುಟ್ಟಿದ ಈ ಶಬ್ದವು ಮೊದಲಿಗೆ ಎಳ್ಳೆಣ್ಣೆಯನ್ನು ಮಾತ್ರ ಸೂಚಿಸುತ್ತಿದ್ದು, ಕಾಲಕ್ರಮದಲ್ಲಿ ಅರ್ಥವನ್ನು ವಿಸ್ತರಿಸಿಕೊಂಡು ಜಿಡ್ಡುಳ್ಳ ದ್ರವಗಳಿಗೆಲ್ಲ ಹೆಸರಾಯಿತು. ಸಂಸ್ಕೃತದಲ್ಲಿ ಎಣ್ಣೆಗೆ ‘ಸ್ನೇಹ’ವೆಂದೂ ಹೆಸರುಂಟು. ಇಬ್ಬರ ನಡುವಿನ ತಿಕ್ಕಾಟವನ್ನು ತಪ್ಪಿಸುವುದು ಸ್ನೇಹದ ಕೆಲಸ. ಎರಡು ಲೋಹಗಳ ನಡುವೆ ಎಣ್ಣೆ ಮಾಡುವುದೂ ಅದನ್ನೇ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಹಿರಿಯರು ಈ ತತ್ತ್ವವನ್ನು ಬಲ್ಲವರಾಗಿದ್ದರು. ಗಾಡಿಯಿದ್ದ ಕೊಟ್ಟಿಗೆಯಲ್ಲಿ ಜೀಪು, ಕಾರುಗಳು ನಿಂತಿರುವ ಕಾಲದಲ್ಲಿ, ಎಣ್ಣೆಯನ್ನು ಆರಿಸುವ ವಿವೇಕವೂ ಅದಕ್ಕೆ ತಕ್ಕಂತೆ ಬೆಳೆಯಬೇಕಾಗಿದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಚಳಿಗಾಲವು ವಿಶ್ರಾಂತಿಯ ಕಾಲವಲ್ಲ. ಅರೇಬಿಕ ಹಣ್ಣಿನ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ನಡೆಯುತ್ತದೆ. ರೊಬಸ್ಟದ ಕೊಯ್ಲು ಅದರ ಬೆನ್ನಿಗೇ ಬರುತ್ತದೆ. ಮಂಜು ಕವಿದ ಮುಂಜಾವಿನಲ್ಲಿ ಕೆಲಸಗಾರರನ್ನು ಕರೆತರುವುದಕ್ಕೂ, ಹಣ್ಣಿನ ಮೂಟೆಗಳನ್ನು ಕಣಕ್ಕೆ ಸಾಗಿಸುವುದಕ್ಕೂ ವಾಹನ ಹೊರಡಲೇಬೇಕು. ಅದು ಮೊಂಡು ಹಿಡಿದು ನಿಂತಿತೆಂದರೆ ಆ ದಿನದ ಕೊಯ್ಲೂ ಕೂಲಿಯೂ ಕೆಟ್ಟಂತೆ. ಎಂಜಿನ್ನೇ ಹಾಳಾಯಿತೆಂದರೆ ಸಣ್ಣ ಬೆಳೆಗಾರನ ಒಂದು ವರ್ಷದ ಉಳಿತಾಯವೇ ಹೋಗಬಹುದು. ಇಂಥ ಸಮಯದಲ್ಲಿ ಎರಡು ಬಗೆಯ ಉಪದೇಶಗಳು ಕೇಳಿಬರುತ್ತವೆ. ‘ಘಟ್ಟ ಹತ್ತುವ ಗಾಡಿ, ಮಂದವಾದ ಎಣ್ಣೆ ಹಾಕಿಸಿ’ ಎಂಬುದು ಒಂದು. ‘ಚಳಿ ಬಹಳ, ತೆಳುವಾದ ಎಣ್ಣೆ ಹಾಕಿಸಿ’ ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ?

ಉತ್ತರಕ್ಕೆ ಮೊದಲು ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ತಿಳಿಯಬೇಕು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ತಂತ್ರಜ್ಞನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ, ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆ ಕಾವು ಹುಟ್ಟಬೇಕಾದರೆ ಎಂಜಿನ್ನು ಮೊದಲು ಸಾಕಷ್ಟು ವೇಗವಾಗಿ ತಿರುಗಬೇಕು. ಚಳಿಯಲ್ಲಿ ಇದಕ್ಕೆ ಮೂರು ವಿಘ್ನಗಳು: ತಣ್ಣಗಾದ ಲೋಹವು ಕಾವನ್ನು ಹೀರಿಕೊಳ್ಳುತ್ತದೆ, ಬ್ಯಾಟರಿಯ ಬಲ ಕುಗ್ಗುತ್ತದೆ, ಎಣ್ಣೆ ಮಂದವಾಗಿ ತಿರುಗುವಿಕೆಯನ್ನು ತಡೆಯುತ್ತದೆ. ಚಳಿಗಾಲದ ಬೆಳಗ್ಗೆ ಜೋನಿಬೆಲ್ಲವು ಸೌಟಿನಿಂದ ಇಳಿಯಲು ತಡಮಾಡುವುದನ್ನೂ, ಒಲೆಯ ಬಳಿಯಿಟ್ಟರೆ ನೀರಿನಂತೆ ಹರಿಯುವುದನ್ನೂ ಮಲೆನಾಡಿನ ಮಕ್ಕಳೆಲ್ಲ ಕಂಡಿರುತ್ತಾರೆ. ಹರಿವನ್ನು ತಡೆಯುವ ಈ ಗುಣಕ್ಕೇ ವಿಜ್ಞಾನದಲ್ಲಿ ‘ಸ್ನಿಗ್ಧತೆ’ ಎಂದು ಹೆಸರು.

ಎಣ್ಣೆಯ ಡಬ್ಬದ ಮೇಲೆ ‘15ಡಬ್ಲ್ಯು-40’ ಎಂದೋ ‘5ಡಬ್ಲ್ಯು-30’ ಎಂದೋ ಬರೆದಿರುತ್ತದೆ. ಇದು 1905ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ವಾಹನ ಎಂಜಿನಿಯರುಗಳ ಸಂಘವು ಗೊತ್ತುಪಡಿಸಿದ ದರ್ಜೆ. ‘ಡಬ್ಲ್ಯು’ ಎಂಬುದು ಚಳಿಗಾಲವೆಂಬರ್ಥದ ‘ವಿಂಟರ್’ ಶಬ್ದದ ಮೊದಲಕ್ಷರ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಹೆಚ್ಚು ಸಲೀಸಾಗಿ ಹರಿಯುತ್ತದೆ. ಅದರ ಮುಂದಿನ ಅಂಕಿ ಎಣ್ಣೆ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನು ತಿಳಿಸುತ್ತದೆ. ಈ ಅಂಕಿಗಳು ದರ್ಜೆಗಳೇ ಹೊರತು ಡಿಗ್ರಿಗಳಲ್ಲ. ಕಾವೇರಿದಂತೆ ಬಿಚ್ಚಿಕೊಂಡು, ಎಣ್ಣೆ ತೀರ ತೆಳುವಾಗದಂತೆ ತಡೆಯುವ ಪಾಲಿಮರುಗಳನ್ನು ಬೆರೆಸಿರುವುದರಿಂದ ಒಂದೇ ಎಣ್ಣೆಗೆ ಈ ಎರಡು ಗುಣಗಳು ಸಾಧ್ಯವಾಗಿವೆ. ಇಂಥದಕ್ಕೆ ಮಲ್ಟಿಗ್ರೇಡ್ ಎಣ್ಣೆಯೆನ್ನುತ್ತಾರೆ. ಚಳಿಯ ಮುಂಜಾವಿಗೆ ಮೊದಲ ಅಂಕಿ, ಏರುಹಾದಿಯ ಬಿಸಿಗೆ ಎರಡನೆಯ ಅಂಕಿ ಎಂದು ನೆನಪಿಟ್ಟರೆ ಸಾಕು.

ಇನ್ನು, ಈ ಸೀಮೆಯ ಚಳಿ ಎಷ್ಟರದು? ಡಿಸೆಂಬರ್, ಜನವರಿಗಳ ಮುಂಜಾವಿನಲ್ಲಿ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆದರೆ ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿ ಅಲ್ಲಿಂದ ಬಹುದೂರ. ಇದಕ್ಕೆ ಕಾಫಿ ಗಿಡವೇ ಸಾಕ್ಷಿ. ಇಬ್ಬನಿ ಹೆಪ್ಪುಗಟ್ಟುವ ಚಳಿಯನ್ನು ಅದು ತಾಳಲಾರದು. 1975ರ ಜುಲೈ ತಿಂಗಳಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತದಲ್ಲಿ ಅಂಥ ಚಳಿ ಬಿದ್ದು ಕಾಫಿ ತೋಟಗಳು ಕರಕಲಾದುವು. ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತು. ಕಾಫಿ ನೆಮ್ಮದಿಯಾಗಿ ಬೆಳೆಯುವ ನೆಲದಲ್ಲಿ ಎಂಜಿನ್ನಿನ ಎಣ್ಣೆ ಹೆಪ್ಪುಗಟ್ಟುವ ಭಯವಿಲ್ಲ. 15ಡಬ್ಲ್ಯು ದರ್ಜೆಯ ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೂ, 20ಡಬ್ಲ್ಯು ದರ್ಜೆಯದನ್ನು 15 ಡಿಗ್ರಿ ಕೆಳಗೂ ಪರೀಕ್ಷಿಸಿರುತ್ತಾರೆ. ನಿಜವಾದ ಕೊರೆಯುವ ಚಳಿ ಲಡಾಖಿನಲ್ಲಿದೆ. ಅಲ್ಲಿ ಡೀಸೆಲ್ಲೇ ಗಟ್ಟಿಯಾಗುವುದರಿಂದ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ಒದಗಿಸಿತು.

ಹಾಗಾದರೆ ತೆಳುವಾದ ಎಣ್ಣೆ ಇಲ್ಲಿ ಯಾರಿಗೂ ಬೇಡವೆ? ಹಾಗೆಂದು ತೀರ್ಮಾನಿಸುವುದೂ ತಪ್ಪು. ಎಣ್ಣೆಯನ್ನು ನಿರ್ಣಯಿಸುವುದು ಚಳಿಯೊಂದೇ ಅಲ್ಲ; ಎಂಜಿನ್ನಿನ ರಚನೆ. ಹಳೆಯ ಜೀಪಿನ ಕೈಪಿಡಿಯಲ್ಲಿ 15ಡಬ್ಲ್ಯು-40 ಎಂದಿದ್ದರೆ ಈ ಚಳಿಗೂ ಘಟ್ಟಕ್ಕೂ ಅದೇ ಸಾಕು. ದುಬಾರಿಯಾದ ತೆಳು ಎಣ್ಣೆಯ ಅಗತ್ಯವಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ಡೀಸೆಲ್ ಕಾರುಗಳಲ್ಲಾದರೋ ಹೊಗೆಯ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕವಿರುತ್ತದೆ. ಶೋಧಕದಲ್ಲಿ ಸಿಕ್ಕ ಮಸಿ ಉರಿದುಹೋಗುತ್ತದೆ. ಎಣ್ಣೆಯಲ್ಲಿನ ಲೋಹಾಂಶ ಸುಟ್ಟು ಉಳಿಯುವ ಬೂದಿಯಾದರೋ ಉರಿಯದೆ ಅದನ್ನು ಕಟ್ಟಿಸುತ್ತದೆ. ಆದುದರಿಂದ ಇವುಗಳಿಗೆ ಬೂದಿ ಕಡಿಮೆಯಾಗುವ, ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಅದು 5ಡಬ್ಲ್ಯು-30 ಆಗಿದ್ದರೆ ‘ಏರಿಗೆ ಸಾಲದು’ ಎಂದು ಬದಲಿಸಬಾರದು. ಹೀಗೆ ಮೊದಲಿನ ಎರಡು ಉಪದೇಶಗಳೂ ಅರ್ಧಸತ್ಯಗಳು.

ಆರಿಸಿದ ಮೇಲೂ ಕರ್ತವ್ಯ ಮುಗಿಯದು. ತೋಟದೊಳಗಿನ ಒಂದೆರಡು ಮೈಲಿಯ ಓಡಾಟದಲ್ಲಿ ಎಣ್ಣೆ ಪೂರ್ಣವಾಗಿ ಬಿಸಿಯಾಗುವುದಿಲ್ಲ. ಒಳಗೆ ಕೂಡಿದ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲುಕಾಫಿ ಬಣ್ಣದ ನೊರೆ ಕಂಡರೆ ಅದು ಈ ಪಸೆಯ ಗುರುತಿರಬಹುದು. ಅದು ಹೆಚ್ಚಾಗಿದ್ದರೂ ಮತ್ತೆ ಮತ್ತೆ ಕಂಡರೂ ಮೆಕ್ಯಾನಿಕನಿಗೆ ತೋರಿಸುವುದು ಲೇಸು. ಇಂಥ ವಾಹನಗಳಿಗೆ, ಕಠಿಣ ಬಳಕೆಗೆಂದು ಕೈಪಿಡಿ ಹೇಳುವ ಕಡಿಮೆ ಅವಧಿಯಲ್ಲೇ ಎಣ್ಣೆ ಬದಲಿಸಬೇಕು. ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗನೆ ಕಪ್ಪಾಗುವುದು ಸಹಜ. ಮಸಿಯನ್ನು ಹೊತ್ತುಕೊಂಡಿದೆಯೆಂದೇ ಅದರ ಅರ್ಥ. ಎಣ್ಣೆಯ ಮಟ್ಟವನ್ನು ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಕಡ್ಡಿ ಸುಳ್ಳು ಹೇಳುತ್ತದೆ. ಕಣದಂಥ ಸಮತಟ್ಟಾದ ನೆಲದಲ್ಲಿ ನೋಡಬೇಕು. ಶೋಧಕವುಳ್ಳ ಕಾರಿನಲ್ಲಿ ಮಟ್ಟ ಏರಿದ್ದರೆ ಸಂತೋಷಪಡುವಂತಿಲ್ಲ. ಎಣ್ಣೆಗೆ ಡೀಸೆಲ್ ಬೆರೆಯುತ್ತಿರಬಹುದು. ಚಳಿಯಲ್ಲಿ ಗ್ಲೋ ಪ್ಲಗ್ಗಿನ ದೀಪ ಆರಿದ ಮೇಲೆಯೇ ಸ್ಟಾರ್ಟ್ ಮಾಡಿ, ಮೊದಲ ಕೆಲವು ನಿಮಿಷ ಮೆಲ್ಲನೆ ಓಡಿಸುವುದು ಲೇಸು. ತೆಗೆದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲಬಾರದು, ವರ್ಕ್‌ಶಾಪಿಗೇ ಒಪ್ಪಿಸಬೇಕು. ಈ ಬೆಟ್ಟಗಳ ಹಳ್ಳಗಳೇ ಮುಂದೆ ಭದ್ರೆ, ಹೇಮಾವತಿಗಳಾಗಿ ನಾಡಿನ ಕುಡಿಯುವ ನೀರಾಗುತ್ತವೆ.

ಮಂದವಾದುದೆಲ್ಲ ಬಲವಲ್ಲ, ಬೆಲೆಯುಳ್ಳದ್ದೆಲ್ಲ ಹಿತವಲ್ಲ. ಕೈಪಿಡಿಯ ಒಂದು ಪುಟವನ್ನು ಓದಬಲ್ಲ ಶಾಲಾಬಾಲಕನು ತನ್ನ ಮನೆಯ ವಾಹನವನ್ನು ಅನೇಕ ವರ್ಷ ಬಾಳಿಸಬಲ್ಲನು. ತಕ್ಕ ಎಂಜಿನ್ನಿಗೆ ತಕ್ಕ ಎಣ್ಣೆ ದೊರೆತಾಗ ಮಾತ್ರ ‘ಸ್ನೇಹ’ವೆಂಬ ಅದರ ಹೆಸರು ಸಾರ್ಥಕವಾಗುತ್ತದೆ.